42 ಪಂದ್ಯ, 35 ಗೋಲು: ಜೀಜಿ ರೀವಾ ದ್ವೀಪದಲ್ಲಿಯೇ ಉಳಿದದ್ದು ಅವರ ಆಟಕ್ಕೆ ನಷ್ಟವಾಯಿತೇ?

ಹನ್ನೊಂದನೇ ಅಂಗಿ

ಇಟಲಿಯ ಪುರುಷರ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಅತಿ ಹೆಚ್ಚು ಗೋಲು ತಂದುಕೊಟ್ಟವರು ಯಾರು ಎಂದು ಕೇಳಿದರೆ, ನಮ್ಮಲ್ಲಿ ಬಹಳ ಜನರ ಬಾಯಿಗೆ ಮೊದಲು ಬರುವುದು ಬಾಜ್ಜೊ ಅಥವಾ ದೆಲ್ ಪಿಯೆರೊ ಅವರ ಹೆಸರು. ಇಬ್ಬರೂ 27 ಗೋಲುಗಳಿಗೆ ನಿಂತರು. 35 ಗೋಲುಗಳ ದಾಖಲೆ ಇರುವುದು ಜೀಜಿ ರೀವಾ ಅವರ ಹೆಸರಿನಲ್ಲಿ, ಅದೂ ಕೇವಲ 42 ಪಂದ್ಯಗಳಲ್ಲಿ. ಕೊನೆಯ ಗೋಲನ್ನು ಅವರು ಹೊಡೆದದ್ದು 1973ರ ಅಕ್ಟೋಬರ್ 20ರಂದು, ರೋಮ್‌ನಲ್ಲಿ, ಸ್ವಿಟ್ಜರ್ಲೆಂಡ್ ವಿರುದ್ಧ. ಅಲ್ಲಿಂದೀಚೆಗೆ ಇಟಲಿ ಎರಡು ಬಾರಿ ವಿಶ್ವಕಪ್ ಗೆದ್ದಿದೆ, ಆದರೆ ಆ ಅಂಕಿಯನ್ನು ಮುಟ್ಟಿದವರಿಲ್ಲ.

ಈ ಚರ್ಚೆಯನ್ನು ಆರಂಭಿಸಲು ಕಾರಣ ದಾಖಲೆಯಷ್ಟೇ ಅಲ್ಲ. ರೀವಾ ಅವರ ಬಗ್ಗೆ ಎಲ್ಲಿ ಮಾತು ಬಂದರೂ, ಅವರು ಸಾರ್ಡೀನಿಯಾ ದ್ವೀಪದ ಕಾಲ್ಯರಿ ಕ್ಲಬ್ಬನ್ನು ಬಿಟ್ಟು ಟ್ಯೂರಿನ್‌ನ ದೊಡ್ಡ ಕ್ಲಬ್ಬಾದ ಯುವೆಂಟಸ್‌ಗೆ ಹೋಗಿದ್ದರೆ ಇನ್ನೆಷ್ಟು ಗೆಲ್ಲುತ್ತಿದ್ದರೋ ಎಂಬ ಮರುಕದ ವಾಕ್ಯವೊಂದು ಹಿಂದೆಯೇ ಬರುತ್ತದೆ. ಆ ಮರುಕ ತಪ್ಪು ಎಂಬುದು ನನ್ನ ನಂಬಿಕೆ, ಅದಕ್ಕೆ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಸಾರ್ಡೀನಿಯಾದವರಲ್ಲ. ಹುಟ್ಟಿದ್ದು 1944ರ ನವೆಂಬರ್ 7ರಂದು, ಉತ್ತರದ ಲೊಂಬಾರ್ಡಿಯಲ್ಲಿ, ಮಜ್ಜೋರೆ ಸರೋವರದ ದಡದ ಲೆಜ್ಜೂನೊ ಎಂಬ ಸಣ್ಣ ಊರಿನಲ್ಲಿ. ಒಂಬತ್ತು ವರ್ಷ ತುಂಬುವ ಮೊದಲೇ ತಂದೆ ಕಾರ್ಖಾನೆಯ ಅಪಘಾತದಲ್ಲಿ ತೀರಿಕೊಂಡರು. ಹುಡುಗನನ್ನು ಪಾದ್ರಿಗಳು ನಡೆಸುತ್ತಿದ್ದ ವಸತಿಶಾಲೆಗೆ ಸೇರಿಸಿದರು, ಅಲ್ಲಿನ ಕಟ್ಟುಪಾಡುಗಳನ್ನು ಅವರು ಜೀವಮಾನವಿಡೀ ಕಹಿಯಾಗಿಯೇ ನೆನೆದರು. ಹದಿಹರೆಯದಲ್ಲಿ ತಾಯಿಯೂ ಹೋದರು, ಮುಂದೆ ಅಕ್ಕನೇ ಮನೆಯಾದಳು. ಮೂರನೇ ದರ್ಜೆಯ ಲೀಗಿನಲ್ಲಿದ್ದ ಲೆನ್ಯಾನೊ ಕ್ಲಬ್ಬಿಗೆ ಒಂದು ಋತು ಆಡಿ, 1963ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ, ಅವರು ಕಾಲ್ಯರಿಗೆ ಬಂದಿಳಿದರು.

ಆಗಿನ ಸಾರ್ಡೀನಿಯಾ ಎಂದರೆ ಮುಖ್ಯಭೂಮಿಯ ಇಟಾಲಿಯನ್ನರಿಗೆ ಎತ್ತಂಗಡಿಯ ಜಾಗ. ತಪ್ಪು ಮಾಡಿದ ಸೈನಿಕರನ್ನೂ ಪೊಲೀಸರನ್ನೂ ಅಲ್ಲಿಗೆ ಕಳಿಸುತ್ತಾರೆಂಬ ಮಾತಿತ್ತು. ಮಲೇರಿಯಾ ಆ ದ್ವೀಪವನ್ನು ಬಿಟ್ಟು ಇನ್ನೂ ಹದಿನೈದು ವರ್ಷವೂ ಆಗಿರಲಿಲ್ಲ. ಒಂದು ವರ್ಷ ಹೇಗೋ ಕಳೆದು ಹಿಂತಿರುಗುವೆನೆಂದುಕೊಂಡೇ ತಾನು ವಿಮಾನ ಹತ್ತಿದ್ದು ಎಂದು ರೀವಾ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಮರು ವರ್ಷವೇ ಕಾಲ್ಯರಿ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಇಟಲಿಯ ಮೊದಲ ದರ್ಜೆಯ ಲೀಗಾದ ಸೀರಿ ಎ ಪ್ರವೇಶಿಸಿತು. ರೀವಾ ಹಿಂತಿರುಗಲಿಲ್ಲ. 2024ರ ಜನವರಿ 22ರಂದು ಅವರು ಕೊನೆಯುಸಿರೆಳೆದದ್ದು ಅದೇ ಊರಿನಲ್ಲಿ.

ಮಧ್ಯರೇಖೆ

ಬರಹ ಮನಮುಟ್ಟುವಂತಿದೆ, ಆದರೆ ವಾದವನ್ನು ನಾನು ಒಪ್ಪಲಾರೆ. ಒಬ್ಬ ಮನುಷ್ಯನ ನಿಷ್ಠೆಯನ್ನು ಗೌರವಿಸುವುದು ಬೇರೆ, ಒಬ್ಬ ಆಟಗಾರನ ವೃತ್ತಿಜೀವನವನ್ನು ಅಳೆಯುವುದು ಬೇರೆ. ರೀವಾ ಅವರ ಖಾತೆಯಲ್ಲಿ ಒಂದು ಲೀಗ್ ಪ್ರಶಸ್ತಿ ಮತ್ತು 1968ರ ಯುರೋಪಿಯನ್ ಚಾಂಪಿಯನ್‌ಶಿಪ್ ಮಾತ್ರ ಇವೆ. ದೇಶದೇಶಗಳ ಚಾಂಪಿಯನ್ ಕ್ಲಬ್ಬುಗಳು ಸೆಣಸುತ್ತಿದ್ದ ಯುರೋಪಿಯನ್ ಕಪ್ಪಿನಲ್ಲಿ ಅವರು ಆಡಿದ್ದು ಒಂದೇ ಒಂದು ಋತುವಿನಲ್ಲಿ. ಯುರೋಪಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಸಲ್ಲುತ್ತಿದ್ದ ಪ್ರಶಸ್ತಿಯಾದ 1969ರ ಬ್ಯಾಲನ್ ಡಿ'ಓರ್ ಅನ್ನು ಮಿಲಾನ್‌ನ ರಿವೇರಾ 83 ಅಂಕಗಳಿಂದ ಗೆದ್ದಾಗ ರೀವಾ ಅವರಿಗೆ ಸಿಕ್ಕಿದ್ದು 79 ಅಂಕಗಳು. ಆ ವರ್ಷ ಮಿಲಾನ್ ಯುರೋಪಿಯನ್ ಕಪ್ ಗೆದ್ದಿತ್ತು ಎಂಬುದನ್ನು ಮರೆಯಬಾರದು. ದೊಡ್ಡ ಕ್ಲಬ್ಬಿನ ಅಂಗಿ ತೊಟ್ಟಿದ್ದರೆ ಆ ನಾಲ್ಕು ಅಂಕಗಳ ಅಂತರ ಎಲ್ಲಿರುತ್ತಿತ್ತು ಎಂದು ನೀವೇ ಯೋಚಿಸಿ.

ಇನ್ನೊಂದು ಮಾತು. ಒಬ್ಬನೇ ಆಟಗಾರನ ಮೇಲೆ ಭಾರವೆಲ್ಲ ಬಿದ್ದ ತಂಡದಲ್ಲಿ ಎದುರಾಳಿಗಳ ಒದೆತವೂ ಅವನೊಬ್ಬನ ಮೇಲೆಯೇ ಬೀಳುತ್ತದೆ. ಮೂವತ್ತೆರಡು ತುಂಬುವ ಮೊದಲೇ ಅವರ ಆಟ ಮುಗಿದದ್ದಕ್ಕೆ ಇದೂ ಒಂದು ಕಾರಣವಲ್ಲವೇ?

ಹಳೆಯ ರೇಡಿಯೊ

ಒಂದೇ ಲೀಗ್ ಪ್ರಶಸ್ತಿ ಎಂದು ಮಧ್ಯರೇಖೆಯವರು ಬರೆದದ್ದನ್ನು ಓದಿದ ಮೇಲೆ ಆ ಒಂದರ ತೂಕವೆಷ್ಟು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕೆನ್ನಿಸಿತು, ಏಕೆಂದರೆ 1969–70ರ ಆ ಋತುವನ್ನು ಬಿಡಿಸಿ ನೋಡದೆ ರೀವಾ ಅವರ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಅದರ ಹಿಂದಿನ ವರ್ಷ ಕಾಲ್ಯರಿ ಫಿಯೊರೆಂಟೀನಾದ ಹಿಂದೆ ಎರಡನೇ ಸ್ಥಾನ ಪಡೆದಿತ್ತು. ಬೇಸಿಗೆಯಲ್ಲಿ ಕ್ಲಬ್ಬು ತನ್ನ ಇನ್ನೊಬ್ಬ ದೊಡ್ಡ ಫಾರ್ವರ್ಡ್ ಬೊನಿನ್ಸೆನ್ಯಾ ಅವರನ್ನು ಮಿಲಾನ್ ನಗರದ ಇನ್ನೊಂದು ಕ್ಲಬ್ಬಾದ ಇಂಟರ್‌ಗೆ ಬಿಟ್ಟುಕೊಟ್ಟು, ಬದಲಿಗೆ ದೊಮೆಂಗೀನಿ, ಗೋರಿ ಮತ್ತು ಪೋಲಿ ಎಂಬ ಮೂವರನ್ನು ತಂದಿತು. ಬೊನಿನ್ಸೆನ್ಯಾ ಮತ್ತು ರೀವಾ ಇಬ್ಬರಿಗೂ ಒಂದೇ ಜಾಗದಲ್ಲಿ ಚೆಂಡು ಬೇಕಾಗುತ್ತಿತ್ತು. ಗೋರಿ ಹಾಗಲ್ಲ, ಅವರು ಡಿಫೆಂಡರುಗಳನ್ನು ತಮ್ಮತ್ತ ಎಳೆದುಕೊಂಡು ರೀವಾ ಅವರಿಗೆ ಬಯಲನ್ನು ತೆರವು ಮಾಡಿಕೊಡುತ್ತಿದ್ದರು. ಗೋಲಿನಲ್ಲಿ ಆಲ್ಬೆರ್ತೋಸಿ, ಮಧ್ಯದಲ್ಲಿ ಬ್ರೆಜಿಲ್‌ನಿಂದ ಬಂದ ನೆನೆ ಮತ್ತು ಗ್ರೆಯಾತ್ತಿ, ಹಿಂದೆ ಚೇರಾ. ತೊಮಾಸೀನಿ ಗಾಯಗೊಂಡಾಗ ಮಿಡ್‌ಫೀಲ್ಡಿನಿಂದ ಹಿಂದಕ್ಕೆ ಸರಿದ ಈ ಚೇರಾ, ಬರೀ ಚೆಂಡು ಒದ್ದು ಓಡಿಸುವ ಕಾವಲುಗಾರನಾಗದೆ ಅಲ್ಲಿಂದಲೇ ಆಟ ಕಟ್ಟುವ ಲಿಬೆರೊ ಆಗಿ ಬೆಳೆದದ್ದು ಆ ತಂಡದ ದೊಡ್ಡ ಭಾಗ್ಯ.

ಕೋಚ್ ಮಾನ್ಲಿಯೊ ಸ್ಕೊಪೀನ್ಯೊ ಅವರನ್ನು ಜನ ತತ್ತ್ವಜ್ಞಾನಿ ಎಂದೇ ಕರೆಯುತ್ತಿದ್ದರು. ಬೇರೆ ಕ್ಲಬ್ಬುಗಳು ಆಟಗಾರರನ್ನು ವಾರವಿಡೀ ಶಿಬಿರದಲ್ಲಿ ಕೂಡಿಹಾಕುತ್ತಿದ್ದ ಕಾಲದಲ್ಲಿ, ವಯಸ್ಸಿಗೆ ಬಂದವರಿಗೆ ಯಾವಾಗ ಮಲಗಬೇಕೆಂದು ಹೇಳಿಕೊಡಬೇಕಾಗಿಲ್ಲ ಎಂಬುದು ಅವರ ನಿಲುವು. ವಸತಿಶಾಲೆಯ ನೆನಪಿನಿಂದ ಕಟ್ಟುಪಾಡೆಂದರೆ ಮೈ ಉರಿಯುತ್ತಿದ್ದ ರೀವಾ ಅವರಿಗೆ ಇಂಥ ಕೋಚ್ ಸಿಕ್ಕಿದ್ದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಗಮನಿಸಬೇಕು. ಟ್ಯೂರಿನ್‌ನಲ್ಲಿ ಅವರಿಗೆ ಈ ಗಾಳಿ ಸಿಗುತ್ತಿತ್ತೇ ಎಂಬುದು ನನ್ನ ಸಂಶಯ.

ನಿರ್ಣಾಯಕ ಪಂದ್ಯ 1970ರ ಮಾರ್ಚ್ 15ರಂದು ಟ್ಯೂರಿನ್‌ನಲ್ಲಿ, ಬೆನ್ನಟ್ಟಿ ಬರುತ್ತಿದ್ದ ಯುವೆಂಟಸ್ ವಿರುದ್ಧ ನಡೆಯಿತು. ಕಾಲ್ಯರಿಯ ಡಿಫೆಂಡರ್ ನಿಕ್ಕೊಲಾಯ್ ತಮ್ಮದೇ ಗೋಲಿಗೆ ಚೆಂಡು ಸೇರಿಸಿದರು, ರೀವಾ ಸಮ ಮಾಡಿದರು. ಬಳಿಕ ಯುವೆಂಟಸ್‌ಗೆ ಸಿಕ್ಕ ಪೆನಾಲ್ಟಿಯನ್ನು ಆಲ್ಬೆರ್ತೋಸಿ ತಡೆದರೂ ರೆಫರಿ ಲೋ ಬೆಲ್ಲೊ ಅದನ್ನು ಮತ್ತೆ ಹೊಡೆಸಿದರು, ಈ ಬಾರಿ ಅನಸ್ತಾಸಿ ಗೋಲು ಮಾಡಿದರು. ಕೊನೆಯ ಹತ್ತು ನಿಮಿಷಗಳೊಳಗೆ ಕಾಲ್ಯರಿಗೂ ಪೆನಾಲ್ಟಿ ಸಿಕ್ಕಿತು, ರೀವಾ ಅದನ್ನು ಗೋಲಾಗಿಸಿದರು. 2–2. ಇಡೀ ಋತುವಿನ ಭಾರ ಒಂದು ಎಡಗಾಲಿನ ಮೇಲೆ ನಿಂತ ಗಳಿಗೆ ಅದು.

ಏಪ್ರಿಲ್ 12ರಂದು ಆಮ್ಸಿಕೋರಾ ಮೈದಾನದಲ್ಲಿ ಬಾರಿ ತಂಡವನ್ನು 2–0ಯಿಂದ ಸೋಲಿಸಿದಾಗ ಇನ್ನೂ ಎರಡು ಪಂದ್ಯಗಳು ಬಾಕಿಯಿದ್ದಂತೆಯೇ ಪ್ರಶಸ್ತಿ ಖಚಿತವಾಯಿತು. ಮೊದಲ ಗೋಲು ರೀವಾ ಅವರದು, ಎರಡನೆಯದು ಗೋರಿಯವರದು. ದಕ್ಷಿಣ ಇಟಲಿ ಮತ್ತು ದ್ವೀಪಗಳ ಯಾವ ಕ್ಲಬ್ಬೂ ಅದಕ್ಕೆ ಮೊದಲು ಲೀಗ್ ಗೆದ್ದಿರಲಿಲ್ಲ. ಮುಂದಿನದಕ್ಕೆ 1987ರವರೆಗೆ, ಮರಡೋನಾ ಅವರ ನೇಪಲ್ಸ್ ಗೆಲ್ಲುವವರೆಗೆ, ಕಾಯಬೇಕಾಯಿತು. ಮಿಲಾನ್, ಟ್ಯೂರಿನ್‌ನ ತಂಡಗಳಿಗೆ ಲೀಗ್ ಪ್ರಶಸ್ತಿ ವರ್ಷ ಬಿಟ್ಟು ವರ್ಷ ಬರುವ ಬೆಳೆ. ಕಾಲ್ಯರಿಗೆ ಅದು ಒಮ್ಮೆ ಬಂದದ್ದು ಆಗ ಮಾತ್ರ, ಇಂದಿಗೂ ಅದೊಂದೇ.

ಅಂಕಿಪಟ್ಟಿ

ಮೇಲಿನ ಬರಹಕ್ಕೆ ಪೂರಕವಾಗಿ ಕೆಲವು ಲೆಕ್ಕಗಳು. ಆ ಋತುವಿನ 30 ಪಂದ್ಯಗಳಲ್ಲಿ ಕಾಲ್ಯರಿ 17 ಗೆದ್ದು, 11 ಡ್ರಾ ಮಾಡಿಕೊಂಡು, 2 ಮಾತ್ರ ಸೋತಿತು. ಹೊಡೆದ ಗೋಲು 42, ಬಿಟ್ಟುಕೊಟ್ಟದ್ದು ಬರೀ 11. ಆ 42ರಲ್ಲಿ 21, ಅಂದರೆ ಸರಿಯಾಗಿ ಅರ್ಧ, ರೀವಾ ಅವರವು. ಆದ್ದರಿಂದ ಗೆಲುವು ಅವರೊಬ್ಬರದೇ ಎನ್ನುವವರು 11 ಎಂಬ ಅಂಕಿಯನ್ನೂ, ರಕ್ಷಣೆಯೇ ಗೆಲ್ಲಿಸಿತು ಎನ್ನುವವರು 21 ಎಂಬ ಅಂಕಿಯನ್ನೂ ಎದುರಿಗೆ ಇಟ್ಟುಕೊಳ್ಳಬೇಕು.

ಸೀರಿ ಎಯಲ್ಲಿ ಅವರ ಒಟ್ಟು ಲೆಕ್ಕ 289 ಪಂದ್ಯ, 156 ಗೋಲು. 1967, 1969 ಮತ್ತು 1970ರಲ್ಲಿ ಅವರೇ ಲೀಗಿನ ಅತಿ ಹೆಚ್ಚು ಗೋಲು ಹೊಡೆದವರು. ಬೀಗ ಹಾಕಿದಂಥ ರಕ್ಷಣೆಯ ಆ ಕಾಲದ ಲೀಗಿನಲ್ಲಿ 18 ಗೋಲುಗಳಿಗೇ ಆ ಪಟ್ಟ ಸಿಗುತ್ತಿತ್ತು ಎಂಬುದು ಇಂದಿನ ಅಂಕಿಗಳಿಗೆ ಒಗ್ಗಿದ ಕಣ್ಣಿಗೆ ವಿಚಿತ್ರವಾಗಿ ಕಾಣಬಹುದು.

ರಾಷ್ಟ್ರೀಯ ತಂಡದ ದಾಖಲೆಯ ಬಗ್ಗೆ ಸಾಮಾನ್ಯವಾಗಿ ಬರುವ ಆಕ್ಷೇಪವೊಂದಿದೆ: ದುರ್ಬಲ ತಂಡಗಳ ವಿರುದ್ಧ ಗೋಲುಗಳನ್ನು ಪೇರಿಸಿಕೊಂಡರು ಎಂಬುದು. 1967ರಲ್ಲಿ ಸೈಪ್ರಸ್ ವಿರುದ್ಧ 3, 1973ರ ಮಾರ್ಚ್‌ನಲ್ಲಿ ಲಕ್ಸೆಂಬರ್ಗ್ ವಿರುದ್ಧ 4 ಗೋಲು ಹೊಡೆದದ್ದು ನಿಜ. ಈ ಎರಡು ಪಂದ್ಯಗಳನ್ನು ಪೂರ್ತಿ ಅಳಿಸಿಹಾಕಿದರೂ 40 ಪಂದ್ಯಗಳಲ್ಲಿ 28 ಗೋಲುಗಳು ಉಳಿಯುತ್ತವೆ. ಬಾಜ್ಜೊ ಅವರ 27 ಗೋಲುಗಳಿಗೆ 56 ಪಂದ್ಯಗಳು ಬೇಕಾದವು, ದೆಲ್ ಪಿಯೆರೊ ಅವರ 27ಕ್ಕೆ 91. ಇನ್ನು 1970ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ವೇಲ್ಸ್ ಮತ್ತು ಪೂರ್ವ ಜರ್ಮನಿಗಳ ವಿರುದ್ಧ ಇಟಲಿ ಹೊಡೆದ 10 ಗೋಲುಗಳಲ್ಲಿ 7 ರೀವಾ ಅವರವು. ಅವರಿಲ್ಲದಿದ್ದರೆ ಇಟಲಿ ಮೆಕ್ಸಿಕೊ ತಲುಪುತ್ತಿತ್ತೇ ಎಂಬುದೇ ಪ್ರಶ್ನೆ.

ರಾತ್ರಿ ಪಂದ್ಯ

1994ರ ವಿಶ್ವಕಪ್ಪನ್ನು ಮನೆಯವರೆಲ್ಲ ಮಲಗಿದ ಮೇಲೆ ದೂರದರ್ಶನದಲ್ಲಿ ಸದ್ದು ಕಡಿಮೆ ಮಾಡಿಕೊಂಡು ನೋಡಿದ ತಲೆಮಾರು ನನ್ನದು. ನಮಗೆ ಇಟಲಿಯ ಫಾರ್ವರ್ಡ್ ಎಂದರೆ ಬಾಜ್ಜೊ, ಅಷ್ಟೆ. ಆ ತಂಡದ ಜೊತೆಯಲ್ಲಿ ಮ್ಯಾನೇಜರ್ ಆಗಿ ರೀವಾ ಇದ್ದರು ಎಂಬುದು ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ತಿಳಿದವರು ದಯವಿಟ್ಟು ಹೇಳಬೇಕು: ಅವರ ಆಟ ಹೇಗಿತ್ತು? ಗುಡುಗು ಎಂಬ ಬಿರುದು ಬಂದದ್ದು ಹೇಗೆ?

ಹನ್ನೊಂದನೇ ಅಂಗಿ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಅವರದು ಸಂಪೂರ್ಣವಾಗಿ ಎಡಗಾಲಿನ ಆಟ. ಬಲಗಾಲು ಇದ್ದದ್ದು ಓಡುವುದಕ್ಕೆ ಮಾತ್ರ ಎಂದು ಇಟಲಿಯಲ್ಲಿ ಹೇಳುತ್ತಿದ್ದರು. ಎಡ ಅಂಚಿನ ಆಟಗಾರನಾಗಿ ಆರಂಭಿಸಿದ್ದರಿಂದ ಬೆನ್ನಿಗೆ 11 ಬಂದಿತು, ಮುಂದೆ ಗೋಲಿನ ನೇರಕ್ಕೆ ಸರಿದ ಮೇಲೂ ಅದೇ ಉಳಿಯಿತು. ಚೆಂಡನ್ನು ಹಿಡಿದು, ನಿಲ್ಲಿಸಿ, ಅಲಂಕಾರ ಮಾಡುವ ಅಭ್ಯಾಸ ಅವರಿಗಿರಲಿಲ್ಲ. ಪಕ್ಕದಿಂದ ಬಂದ ಚೆಂಡು ನೆಲ ಮುಟ್ಟುವುದಕ್ಕೂ ಕಾಯದೆ ಹೊಡೆಯುವುದು, ನೆಲಕ್ಕೆ ಸಮಾನಾಂತರವಾಗಿ ಹಾರಿ ಹೆಡರ್ ಮಾಡುವುದು ಅವರ ರೀತಿ. ನೇಪಲ್ಸ್‌ನಲ್ಲಿ ಪೂರ್ವ ಜರ್ಮನಿಯ ವಿರುದ್ಧದ ಆ ಡೈವಿಂಗ್ ಹೆಡರ್, 1970ರ ಜನವರಿಯಲ್ಲಿ ವಿಚೆಂಜಾ ಮೈದಾನದಲ್ಲಿ ಹೊಡೆದ ಬೈಸಿಕಲ್ ಕಿಕ್, ಇವೆರಡರ ದೃಶ್ಯಗಳು ಈಗಲೂ ಸಿಗುತ್ತವೆ, ಹುಡುಕಿ ನೋಡಿ.

ಬಿರುದು ಕೊಟ್ಟವರು ಪತ್ರಕರ್ತ ಜಾನ್ನಿ ಬ್ರೇರಾ. 1970ರ ಅಕ್ಟೋಬರ್ 25ರಂದು, ಚಾಂಪಿಯನ್ ಆಗಿ ಮಿಲಾನ್‌ಗೆ ಹೋದ ಕಾಲ್ಯರಿ ಸಾನ್ ಸಿರೊದಲ್ಲಿ ಇಂಟರ್ ತಂಡವನ್ನು 3–1ರಿಂದ ಮಣಿಸಿತು, ಎರಡು ಗೋಲು ರೀವಾ ಅವರವು. ಆ ಪಂದ್ಯದ ವರದಿಯಲ್ಲಿ ಬ್ರೇರಾ ಅವರನ್ನು 'ರೊಂಬೊ ದಿ ತುವೋನೊ' ಎಂದು ಕರೆದರು, ಗುಡುಗಿನ ಮೊರೆತ ಎಂದು ಅದರ ಅರ್ಥ. ಆ ಹೆಸರು ಹುಟ್ಟಿ ಒಂದು ವಾರವೂ ಆಗಿರಲಿಲ್ಲ. ಅಕ್ಟೋಬರ್ 31ರಂದು ವಿಯೆನ್ನಾದಲ್ಲಿ ಇಟಲಿಯ ಪರವಾಗಿ ಆಸ್ಟ್ರಿಯಾದ ವಿರುದ್ಧ ಆಡುವಾಗ, ನಾರ್ಬರ್ಟ್ ಹೋಫ್ ಎಂಬ ಡಿಫೆಂಡರ್ ಹಿಂದಿನಿಂದ ಬಂದು ಹಾಕಿದ ಟ್ಯಾಕಲ್‌ಗೆ ಅವರ ಬಲಗಾಲು ಮುರಿಯಿತು.

ಎಡಗಾಲು ಅದಾಗಲೇ ಒಮ್ಮೆ ಮುರಿದಿತ್ತು, 1967ರ ಮಾರ್ಚ್ 27ರಂದು, ರೋಮ್‌ನಲ್ಲಿ, ಪೋರ್ಚುಗಲ್ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ, ಗೋಲ್‌ಕೀಪರ್ ಜೊತೆ ಡಿಕ್ಕಿಯಾಗಿ. ಮಧ್ಯರೇಖೆಯವರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕೆಂದು ನನ್ನ ಕೋರಿಕೆ. ಸಣ್ಣ ಕ್ಲಬ್ಬಿನಲ್ಲಿ ಭಾರವೆಲ್ಲ ಒಬ್ಬರ ಮೇಲೆ ಬಿದ್ದದ್ದರಿಂದ ದೇಹ ಸೋತಿತು ಎಂದಿರಿ. ಎರಡೂ ಕಾಲುಗಳು ಮುರಿದದ್ದು ಕಾಲ್ಯರಿಯ ಅಂಗಿಯಲ್ಲಿ ಅಲ್ಲ, ಇಟಲಿಯ ನೀಲಿ ಅಂಗಿಯಲ್ಲಿ. ವಿಯೆನ್ನಾಕ್ಕೆ ಬೆಲೆ ತೆತ್ತದ್ದು ಕಾಲ್ಯರಿ. ಹತ್ತು ದಿನ ಮೊದಲು ಯುರೋಪಿಯನ್ ಕಪ್ಪಿನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಅನ್ನು 2–1ರಿಂದ ಸೋಲಿಸಿದ್ದ ತಂಡ, ಅವರಿಲ್ಲದೆ ಮ್ಯಾಡ್ರಿಡ್‌ಗೆ ಹೋಗಿ 3–0ಯಿಂದ ಸೋತು ಹೊರಬಿತ್ತು. ಲೀಗಿನಲ್ಲಿ ಏಳನೇ ಸ್ಥಾನಕ್ಕೆ ಇಳಿಯಿತು. ಎರಡೂ ಕಾಲು ಮುರಿದುಕೊಂಡ ಅದೇ ಮನುಷ್ಯ 1971–72ರಲ್ಲಿ ಹಿಂತಿರುಗಿ 21 ಗೋಲು ಹೊಡೆದರು, ಕಾಲ್ಯರಿ ನಾಲ್ಕನೆಯದಾಯಿತು.

ಮಧ್ಯರೇಖೆ

ವಿಯೆನ್ನಾದ ವಿಷಯದಲ್ಲಿ ನೀವು ಹೇಳಿದ್ದು ಸರಿ, ಗಾಯಗಳ ಕುರಿತ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಪ್ರಶಸ್ತಿಗಳ ಪ್ರಶ್ನೆ ಹಾಗೆಯೇ ಉಳಿಯಿತು. 1973ರಲ್ಲಿ ಯುವೆಂಟಸ್ ಅವರಿಗಾಗಿ ಅಪಾರ ಹಣವನ್ನೂ ಹಲವು ಆಟಗಾರರನ್ನೂ ಕೊಡಲು ಸಿದ್ಧವಾಗಿತ್ತು, ಕ್ಲಬ್ಬಿನವರೂ ಮನಸ್ಸು ಮಾಡಿದ್ದರು, ಬೇಡ ಎಂದವರು ರೀವಾ ಒಬ್ಬರೇ. ಆಗ ಅವರಿಗೆ ಇಪ್ಪತ್ತೆಂಟು ವರ್ಷ. 1975ರಲ್ಲಿ ಯುವೆಂಟಸ್ ಲೀಗ್ ಗೆದ್ದಿತು, 1976ರಲ್ಲಿ ಕಾಲ್ಯರಿ ಎರಡನೇ ದರ್ಜೆಗೆ ಬಿದ್ದಿತು. ಆ ಹಣದಿಂದ ಕ್ಲಬ್ಬನ್ನು ಮತ್ತೆ ಕಟ್ಟಬಹುದಿತ್ತಲ್ಲವೇ? ಅವರು ಉಳಿದದ್ದು ಅವರಿಗಷ್ಟೇ ಅಲ್ಲ, ಕಾಲ್ಯರಿಗೂ ನಷ್ಟವೇ ಆಗಿರಬಹುದು ಎಂದು ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ದಡದಾಚೆ

ಕೆಲಸದ ನಿಮಿತ್ತ ಕೆಲವು ವರ್ಷ ಟ್ಯೂರಿನ್‌ನಲ್ಲಿ ಇದ್ದ ನನಗೆ ಮಧ್ಯರೇಖೆಯವರ ಪ್ರಶ್ನೆಗೆ ಉತ್ತರ ಬೇರೆ ದಿಕ್ಕಿನಿಂದ ಕಾಣುತ್ತದೆ. ಐವತ್ತು, ಅರವತ್ತರ ದಶಕಗಳಲ್ಲಿ ಸಾವಿರಾರು ಸಾರ್ಡೀನಿಯನ್ನರು ಊರು ಬಿಟ್ಟು ಟ್ಯೂರಿನ್‌ನ ಕಾರು ಕಾರ್ಖಾನೆಗಳಿಗೂ, ಜರ್ಮನಿ ಮತ್ತು ಬೆಲ್ಜಿಯಂನ ಗಣಿಗಳಿಗೂ ಹೋದರು. ಉತ್ತರದ ಮೈದಾನಗಳಲ್ಲಿ ಕಾಲ್ಯರಿ ಆಡುವಾಗ ಎದುರಾಳಿ ಪ್ರೇಕ್ಷಕರು ಕುರಿಕಾಯುವವರು, ಡಕಾಯಿತರು ಎಂದು ಕೂಗುತ್ತಿದ್ದರೆಂದೂ, ಆ ಕೂಗು ತನ್ನನ್ನು ಇನ್ನಷ್ಟು ಗಟ್ಟಿ ಮಾಡಿತೆಂದೂ ರೀವಾ ಹೇಳಿದ್ದಾರೆ. ಅದೇ ಗ್ಯಾಲರಿಗಳ ಒಂದು ಮೂಲೆಯಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ಸಾರ್ಡೀನಿಯಾದ ಕಾರ್ಮಿಕರು ನಿಂತಿರುತ್ತಿದ್ದರು.

ಈಗ ಯೋಚಿಸಿ. ದ್ವೀಪದಲ್ಲಿ ಹುಟ್ಟಿದವರೆಲ್ಲ ಅನ್ನಕ್ಕಾಗಿ ಟ್ಯೂರಿನ್‌ಗೆ ಹೋಗುತ್ತಿದ್ದ ಕಾಲದಲ್ಲಿ, ಉತ್ತರದಲ್ಲಿ ಹುಟ್ಟಿದ ಒಬ್ಬ ಮನುಷ್ಯ, ಟ್ಯೂರಿನ್‌ನ ಅತಿ ದೊಡ್ಡ ಕಾರ್ಖಾನೆಯ ಒಡೆಯರದೇ ಆಗಿದ್ದ ಕ್ಲಬ್ಬು ಕೈಬೀಸಿ ಕರೆದರೂ, ನಾನು ಬರುವುದಿಲ್ಲ ಎಂದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಸಾರ್ಡೀನಿಯಾದ ಹಿರಿಯರೊಬ್ಬರು ಈ ವಿಷಯ ಬಂದಾಗ ಗೋಲುಗಳ ಲೆಕ್ಕ ಹೇಳುತ್ತಿರಲಿಲ್ಲ. ಆ ವರ್ಷ ತಮ್ಮ ತಂದೆ ಕಾರ್ಖಾನೆಗೆ ತಲೆಯೆತ್ತಿ ಹೋದರು ಎಂದಷ್ಟೇ ಹೇಳುತ್ತಿದ್ದರು. ಆ ಹಣದಿಂದ ಕ್ಲಬ್ಬು ಇನ್ನೊಬ್ಬ ಒಳ್ಳೆಯ ಆಟಗಾರನನ್ನು ಕೊಳ್ಳಬಹುದಿತ್ತು, ಇದನ್ನು ಕೊಳ್ಳಲಾಗುತ್ತಿರಲಿಲ್ಲ.

ಅಂಕಿಪಟ್ಟಿ

ಇನ್ನೊಂದು ಅಂಶವನ್ನು ಸೇರಿಸುತ್ತೇನೆ. ಕಾಲ್ಯರಿಯಲ್ಲಿ ಇದ್ದದ್ದರಿಂದ ರಾಷ್ಟ್ರೀಯ ತಂಡದಲ್ಲಿ ಅವಕಾಶ ತಪ್ಪಿತು ಎಂಬ ವಾದಕ್ಕೆ ಆಧಾರ 1966ರಲ್ಲಿ ಮಾತ್ರ ಸಿಗುತ್ತದೆ. ಆ ವಿಶ್ವಕಪ್ಪಿನ 22 ಜನರಲ್ಲಿ ಅವರಿರಲಿಲ್ಲ, ಇಟಲಿ ಉತ್ತರ ಕೊರಿಯಾಕ್ಕೆ ಸೋತು ಮರಳಿತು. 1970ರ ಹೊತ್ತಿಗೆ ಚಿತ್ರ ತಲೆಕೆಳಗಾಗಿತ್ತು: ಮೆಕ್ಸಿಕೊಗೆ ಹೋದ ತಂಡದಲ್ಲಿ ಆಲ್ಬೆರ್ತೋಸಿ, ಚೇರಾ, ನಿಕ್ಕೊಲಾಯ್, ದೊಮೆಂಗೀನಿ, ಗೋರಿ, ರೀವಾ ಎಂದು ಆರು ಮಂದಿ ಕಾಲ್ಯರಿಯವರೇ. ಅದಕ್ಕೂ ಮೊದಲು, 1968ರ ಜೂನ್ 10ರಂದು ರೋಮ್‌ನಲ್ಲಿ, ಯುಗೊಸ್ಲಾವಿಯಾ ವಿರುದ್ಧ ಮರುಆಡಿದ ಯುರೋಪಿಯನ್ ಫೈನಲ್‌ನಲ್ಲಿ ಇಟಲಿ 2–0ಯಿಂದ ಗೆದ್ದಾಗ ಹನ್ನೆರಡನೇ ನಿಮಿಷದ ಮೊದಲ ಗೋಲು ಅವರದೇ. ಡ್ರಾ ಆಗಿದ್ದ ಮೊದಲ ಫೈನಲ್‌ನಲ್ಲಿ ಅವರನ್ನು ಆಡಿಸಿರಲಿಲ್ಲ.

ಹನ್ನೊಂದನೇ ಅಂಗಿ

ಅವರ ಕೊನೆಯ ವರ್ಷಗಳ ವಿಷಯವನ್ನೂ ಮುಚ್ಚಿಡಬಾರದು. 1974ರ ವಿಶ್ವಕಪ್ಪಿನಲ್ಲಿ ಹೈಟಿ ಮತ್ತು ಅರ್ಜೆಂಟೀನಾ ವಿರುದ್ಧ ಆಡಿದ ರೀವಾ ಅವರಲ್ಲಿ ಹಳೆಯ ಬಿರುಸು ಇರಲಿಲ್ಲ, ಪೋಲೆಂಡ್ ವಿರುದ್ಧದ ಪಂದ್ಯಕ್ಕೆ ಕೈಬಿಟ್ಟರು, ನೀಲಿ ಅಂಗಿ ಅಲ್ಲಿಗೆ ಮುಗಿಯಿತು. 1976ರ ಫೆಬ್ರುವರಿ 1ರಂದು ಕಾಲ್ಯರಿಯಲ್ಲಿ ಮಿಲಾನ್ ವಿರುದ್ಧ ಆಡುತ್ತಿದ್ದಾಗ ಚೆಂಡಿಗಾಗಿ ನಡೆದ ಪೈಪೋಟಿಯೊಂದರಲ್ಲಿ ತೊಡೆಯ ಸ್ನಾಯು ಮೂಳೆಯಿಂದ ಕಿತ್ತುಬಂತು. ಮತ್ತೆ ಆಡಲು ಬಹಳ ಪ್ರಯತ್ನಪಟ್ಟರು, ಆಗಲಿಲ್ಲ. ಕೆಳದರ್ಜೆಗೆ ಬೀಳುವ ತಂಡವನ್ನು ಬದಿಯಲ್ಲಿ ಕುಳಿತು ನೋಡಬೇಕಾದದ್ದು ಅವರ ಬದುಕಿನ ಅತಿ ಕಷ್ಟದ ಕಾಲಗಳಲ್ಲಿ ಒಂದಾಗಿರಬೇಕು. 2005ರಲ್ಲಿ ಕ್ಲಬ್ಬು 11ನೇ ಅಂಗಿಯನ್ನು ಇನ್ನಾರಿಗೂ ಕೊಡದಿರಲು ತೀರ್ಮಾನಿಸಿತು. ರಾಷ್ಟ್ರೀಯ ತಂಡದ ಮ್ಯಾನೇಜರ್ ಆಗಿ ಅವರು 2013ರವರೆಗೆ ದುಡಿದರು, ಆಟಗಾರನಾಗಿ ಕೈತಪ್ಪಿದ ವಿಶ್ವಕಪ್ಪನ್ನು 2006ರಲ್ಲಿ ಬರ್ಲಿನ್‌ನಲ್ಲಿ ಆ ತಂಡದೊಂದಿಗೆ ಕಂಡರು. ಬೊನಾರಿಯಾ ಬೆಸಿಲಿಕಾದಲ್ಲಿ ನಡೆದ ಅಂತ್ಯಕ್ರಿಯೆಗೆ ದ್ವೀಪದ ಮೂಲೆಮೂಲೆಗಳಿಂದ ಸಾವಿರಾರು ಜನ ಬಂದಿದ್ದರು.

ರಾತ್ರಿ ಪಂದ್ಯ

ಎಲ್ಲರಿಗೂ ಕೃತಜ್ಞತೆಗಳು. ಒಂದೇ ಒಂದು ಗೋಲನ್ನು ನೋಡಬೇಕೆಂದರೆ ಯಾವುದನ್ನು ನೋಡಲಿ?

ಮಧ್ಯರೇಖೆ

ಇದಕ್ಕೆ ನಾನೇ ಉತ್ತರಿಸುತ್ತೇನೆ, ಏಕೆಂದರೆ ಈ ಚರ್ಚೆಯನ್ನು ಓದಿದ ಮೇಲೆ ನಿನ್ನೆ ರಾತ್ರಿ ಅದನ್ನು ಮತ್ತೊಮ್ಮೆ ನೋಡಿದೆ. 1970ರ ಜೂನ್ 17, ಆಜ್ಟೆಕಾ ಮೈದಾನ, ಪಶ್ಚಿಮ ಜರ್ಮನಿಯ ವಿರುದ್ಧದ ಸೆಮಿಫೈನಲ್. ಹೆಚ್ಚುವರಿ ಅವಧಿಯ ಮೊದಲ ಭಾಗ ಮುಗಿಯುತ್ತಿದೆ, ಅಂಕ 2–2, ಎತ್ತರದ ತೆಳುಗಾಳಿಯಲ್ಲಿ ಎಲ್ಲರ ಕಾಲುಗಳೂ ಸೋತಿವೆ. ಎಡಗಡೆಯಿಂದ ದೊಮೆಂಗೀನಿ ಚೆಂಡನ್ನು ಒಳಗೆ ಕಳಿಸುತ್ತಾರೆ. ರೀವಾ ಅದನ್ನು ಎಡಗಾಲಿನಲ್ಲಿ ಹಿಡಿದು, ಎದುರಿಗಿದ್ದ ಡಿಫೆಂಡರ್ ಒಂದು ಹೆಜ್ಜೆ ತಪ್ಪುವಷ್ಟು ಮಾತ್ರ ಪಕ್ಕಕ್ಕೆ ಎಳೆದು, ಅದೇ ಎಡಗಾಲಿನಲ್ಲಿ ಗೋಲ್‌ಕೀಪರ್ ಮೈಯರ್ ಅವರ ಕೈಗೆ ಸಿಗದಂತೆ ದೂರದ ಮೂಲೆಗೆ ನೆಲಮಟ್ಟದಲ್ಲಿ ಹೊಡೆಯುತ್ತಾರೆ. ಚೆಂಡು ಕೊಟ್ಟವರೂ ಕಾಲ್ಯರಿಯವರು, ಹೊಡೆದವರೂ ಕಾಲ್ಯರಿಯವರು ಎಂಬುದನ್ನು ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.